ಬೀರನ ಕರೆಂಟು ಪುಸ್ತಕ

"ಗುರುವಾರ. ಮಧ್ಯಾಹ್ನ ೨-೪೦ಕ್ಕೆ ಹೋತು. ಲೈನಿನ ಮೇಲೆ ಮರ. ೪-೧೦ಕ್ಕೆ ಬಂತು."

ಗುಂಡಗಿನ ಅಕ್ಷರದ ಈ ಸಾಲಿನ ಮೇಲಿಟ್ಟ ಬೆರಳನ್ನು ಅಧ್ಯಾಪಕ ದಿನಕರ ಹೆಗಡೆ ತೆಗೆಯಲೇ ಇಲ್ಲ. ತೆಗೆದರೆ ಸಾಲು ಎದ್ದು ಹೊರಗೆ ಹೋಗಿ ಕಾಲೇಜಿಗೆಲ್ಲ ಸುದ್ದಿ ಹೇಳಿ ಬರುತ್ತದೇನೋ ಎಂಬಂತೆ ಒತ್ತಿ ಹಿಡಿದು ಕೂತಿದ್ದ. ಎಡಗೈಯಲ್ಲಿ ಗ್ರಾಫಿನ ಹಾಳೆ ಇತ್ತು. ಅದರಲ್ಲೊಂದು ಗೆರೆ ಇಳಿಯುತ್ತ ಇಳಿಯುತ್ತ ನೆಲ ಮುಟ್ಟಿ, ಅಲ್ಲಿಂದ ಇದ್ದಕ್ಕಿದ್ದ ಹಾಗೆ ಮೇಲೆ ಎದ್ದಿತ್ತು. ಎದ್ದದ್ದು ಯಾವಾಗ ಎಂದು ಲೆಕ್ಕ ಹಾಕಿದರೆ ಗುರುವಾರ ನಾಲ್ಕೂ ಹತ್ತು ಬರುತ್ತಿತ್ತು. ಮೂರು ಸಲ ಹಾಕಿದ. ಮೂರು ಸಲವೂ ಅದೇ ಬಂತು.

ಶಿರಸಿಯ ಆ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಆಗ ಮಂಗಳವಾರ ಬೆಳಗಿನ ಒಂಬತ್ತು ಗಂಟೆ. ಪುಸ್ತಕದ ಒಡೆಯ ಬೀರ ನಾಯ್ಕ ಬಾಗಿಲಾಚೆ ಪಡಸಾಲೆಯಲ್ಲಿ ಕೂತು ತಕ್ಕಡಿಯ ಹಿತ್ತಾಳೆ ತಟ್ಟೆಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದ. ಅವನು ಪ್ರಯೋಗಾಲಯದ ಅಟೆಂಡರು. ಹುಡುಗರಿಗೆ ಬೀರಣ್ಣ, ಅಧ್ಯಾಪಕರಿಗೆ ಬೀರ. ಮೂವತ್ತೊಂದು ವರ್ಷದಲ್ಲಿ ಒಂದು ಥರ್ಮಾಮೀಟರನ್ನೂ ಒಡೆದವನಲ್ಲ. ಬರುವ ಜೂನ್ ತಿಂಗಳಲ್ಲಿ ನಿವೃತ್ತಿ. ಆವತ್ತು ಪ್ರಯೋಗಾಲಯದ ಕೀಲಿಕೈಯನ್ನು ಪ್ರಿನ್ಸಿಪಾಲರ ಕೈಗೆ ತಾನೇ ಒಪ್ಪಿಸಿ ಹೋಗುತ್ತೇನೆಂದು ಊರೆಲ್ಲ ಹೇಳಿಕೊಂಡಿದ್ದ. ಅವನ ಅಪ್ಪನ ಕಾಲದಲ್ಲಿ ಅವರ ಜನರ ಕೈಗೆ ಯಾರೂ ಕೀಲಿಕೈ ಕೊಟ್ಟವರಲ್ಲ, ಅದಕ್ಕೇ ಆ ಹೆಮ್ಮೆ.

ಪುಸ್ತಕ ಹುಟ್ಟಿದ ಕಥೆಯೇ ತಮಾಷೆಯದು. ನಾಲ್ಕು ವರ್ಷದ ಹಿಂದೆ ಹೊಸ ಕಂಪ್ಯೂಟರಿನ ಜೊತೆ ಒಂದು ಯುಪಿಎಸ್ ಬಂದಿತ್ತು. ಕರೆಂಟು ಹೋದರೆ ಹತ್ತು ನಿಮಿಷ ಕೂಗಿ ಸುಮ್ಮನಾಗುವುದು ಅದರ ಜಾತಿ. ಕರೆಂಟು ಹೋದ ಬಂದ ಹೊತ್ತು ಬರೆದಿಡಿ, ಗ್ಯಾರಂಟಿಗೆ ಬೇಕಾಗುತ್ತದೆ ಎಂದು ಕೊಟ್ಟವರು ಹೇಳಿಹೋದರು. ಬೀರ ನೂರು ಪುಟದ ನೋಟುಪುಸ್ತಕ ತಂದು ಬರೆಯತೊಡಗಿದ. ಗ್ಯಾರಂಟಿ ಮುಗಿದು ಎರಡು ವರ್ಷವಾದರೂ ಸಾಕು ಮಾರಾಯ ಎಂದು ಅವನಿಗೆ ಯಾರೂ ಹೇಳಲಿಲ್ಲ. ಹೀಗಾಗಿ ಅವನು ನಿಲ್ಲಿಸಲಿಲ್ಲ. ತಾನು ಬರುವ ಮೊದಲೇ ಕರೆಂಟು ಹೋಗಿದ್ದರೆ ವಾಚ್‌ಮನ್ನನ ಹತ್ತಿರ ಹೊತ್ತು ಕೇಳಿಯಾದರೂ ಬರೆಯುತ್ತಿದ್ದ.

ದಿನಕರನ ಪಿಎಚ್.ಡಿ. ಸಂಶೋಧನೆ ಏನೆಂದು ಕೇಳಿದರೆ ಶಿರಸಿ ಪೇಟೆಯಲ್ಲಿ ಹೇಳಬಲ್ಲವರು ಇಬ್ಬರೇ. ಒಬ್ಬ ದಿನಕರ. ಇನ್ನೊಬ್ಬ ಬೀರ, ಅವನು ಹೇಳಿದರೆ ಬೇಗ ತಿಳಿಯುತ್ತಿತ್ತು. ಸ್ಪಿನ್ ಎಂದರೆ ಕಣದೊಳಗಿನ ಪುಟ್ಟ ಅಯಸ್ಕಾಂತ. ಅಂಥ ಹತ್ತನ್ನು ಸಾಲಾಗಿ ಇಟ್ಟರೆ ಮೊದಲನೆಯದಕ್ಕೂ ಹತ್ತನೆಯದಕ್ಕೂ ನಡುವೆ ಒಂದು ನಂಟು ಹುಟ್ಟಿಕೊಳ್ಳುತ್ತದೆ. ಒಂದರ ಸ್ಥಿತಿ ಹೇಳದೆ ಇನ್ನೊಂದರದನ್ನು ಹೇಳಲು ಬರುವುದಿಲ್ಲ. ಎಂಟ್ಯಾಂಗಲ್‌ಮೆಂಟ್ ಎನ್ನುತ್ತಾರೆ. ಹೊರಗಿನಿಂದ ಕಾಂತಕ್ಷೇತ್ರವನ್ನು ಮೆಲ್ಲಗೆ ಜೋರು ಮಾಡುತ್ತ ಹೋದರೆ ಆ ನಂಟು ಸಡಿಲವಾಗಿ ಕೊನೆಗೆ ಹರಿಯುತ್ತದೆ. ಎಷ್ಟು ಹೊತ್ತಿಗೆ, ಹೇಗೆ ಹರಿಯುತ್ತದೆ ಎಂಬುದನ್ನು ದಿನಕರ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದ. ಒಂದು ಲೆಕ್ಕಕ್ಕೆ ನಾಲ್ಕೈದು ದಿನ ಹಿಡಿಯುತ್ತಿತ್ತು.

ಇದನ್ನು ಒಂದು ದಿನ ಬಿಡುವಿನಲ್ಲಿ ಬೀರನಿಗೆ ಹೇಳಿದಾಗ ಅವನು ಕಸಬರಿಗೆ ಗೋಡೆಗೆ ಒರಗಿಸಿ ಸ್ವಲ್ಪ ಹೊತ್ತು ಯೋಚಿಸಿದ್ದ.

"ಹಾಂಗಂದ್ರೆ ಸೂತಕ ಇದ್ದಾಂಗೆ ಅನ್ನಿ. ಅಣ್ಣ ತಮ್ಮ ಪಾಲಾಗಿ ಒಬ್ಬ ಸಿದ್ದಾಪುರದಾಗೆ, ಒಬ್ಬ ಅರಬೈಲಾಗೆ ಇದ್ರೂ ಅಲ್ಲಿ ಸತ್ರೆ ಇಲ್ಲಿ ಮೈಲಿಗೆ. ನಡುವೆ ಯಾರೂ ಮುಟ್ಟಿದ್ದಿಲ್ಲ, ಕೊಟ್ಟಿದ್ದಿಲ್ಲ. ಅಯಸ್ಕಾಂತ ಜೋರು ಮಾಡುದು ಅಂದ್ರೆ ಕೋರ್ಟು ಕಚೇರಿ ಹತ್ತಿ ಆ ಸಂಬಂಧನೂ ಕಡ್ಕಂಡಾಂಗೆ. ಹೌದಲ್ರಾ ಹೆಗಡೇರೆ?"

ಹೌದು ಎಂದಿದ್ದ ದಿನಕರ. ಮರುದಿನದಿಂದಲೇ ತರಗತಿಯಲ್ಲಿ ಸೂತಕದ ಉದಾಹರಣೆ ಕೊಡತೊಡಗಿದ. ಧಾರವಾಡದಲ್ಲಿ ಗೈಡಿನ ಮುಂದೆಯೂ ಹೇಳಿ ಮೆಚ್ಚುಗೆ ಪಡೆದ. ಯಾರ ಮಾತು ಎಂದು ಹೇಳುವ ಪ್ರಸಂಗ ಬರಲಿಲ್ಲ, ಅಥವಾ ಬಂದರೂ ಅವನು ಹೇಳಲಿಲ್ಲ.

ಆರು ವರ್ಷದ ದುಡಿಮೆಯಲ್ಲಿ ಅವನ ಕೈಗೆ ಸಿಕ್ಕ ದೊಡ್ಡ ಸಂಗತಿ ಆ ಏಳುವ ಗೆರೆ. ಹರಿದ ನಂಟು ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಮತ್ತೆ ಚಿಗುರುತ್ತದೆ, ಅದೂ ಸಮ ಅಂತರದಲ್ಲಿ, ಮತ್ತೆ ಮತ್ತೆ. ಐದು ಸಲ ಲೆಕ್ಕ ಓಡಿಸಿದರೂ ಹಾಗೇ ಬಂತು. ಆರನೆಯ ಸಲ ಮಾತ್ರ ಒಂದು ಗೆರೆ ಅಡ್ಡಾದಿಡ್ಡಿಯಾಗಿ ನಡುವೆಯೇ ಎದ್ದಿತ್ತು. ಅದೇನೋ ಕಸ ಎಂದು ಆ ಹಾಳೆಯನ್ನು ಫೈಲಿನ ತಳಕ್ಕೆ ಸೇರಿಸಿದ. ಉಳಿದದ್ದು ಲೇಖನವಾಗಿ ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಊರಿನ ಪತ್ರಿಕೆಯಲ್ಲಿ ಫೋಟೊ ಬಂತು. ಕಾಲೇಜಿನವರು ಒಂದು ದಿನದ ವಿಚಾರಗೋಷ್ಠಿ ಇಟ್ಟುಕೊಂಡು ಗುರುವಾರ ಅವನಿಗೆ ಸನ್ಮಾನ ಎಂದು ಗೊತ್ತುಮಾಡಿದರು.

ಆ ಬೇಸಿಗೆಗಳಲ್ಲಿ ದಿನವೂ ಬೆಳಿಗ್ಗೆ ಆರರಿಂದ ಎಂಟರ ತನಕ ಕರೆಂಟು ಇರುತ್ತಿರಲಿಲ್ಲ. ಲೆಕ್ಕ ಎಲ್ಲಿಗೆ ನಿಂತಿತೋ ಅಲ್ಲಿಂದ ಮುಂದುವರಿಯುವ ಹಾಗೆ ದಿನಕರ ಪ್ರೋಗ್ರಾಮಿನಲ್ಲಿ ಏರ್ಪಾಡು ಮಾಡಿದ್ದ. ಎಂಟಕ್ಕೆ ಕರೆಂಟು ಬಂದ ಕೂಡಲೇ ಶುರು ಮಾಡುವ ಕೆಲಸ ಬೀರನದು. ಅವನಿಗೆ ಇಂಗ್ಲಿಷ್ ಅಕ್ಷರ ಬಾರದೆಂದು ಮೂರು ಕೀಗಳ ಮೇಲೆ ಒಂದು, ಎರಡು, ಮೂರು ಎಂದು ಬಿಳಿ ಬಣ್ಣದ ಚುಕ್ಕೆ ಇಟ್ಟುಕೊಟ್ಟಿದ್ದ. ಚುಕ್ಕೆಯ ಪ್ರಕಾರ ಒತ್ತಿ ದೊಡ್ಡ ಕೀ ಒತ್ತಿದರಾಯಿತು. ಬೇರೆ ಏನು ಒತ್ತಿದರೂ ಅದು ಶುರುವೇ ಆಗುತ್ತಿರಲಿಲ್ಲ.

ಹೋದ ವರ್ಷ ಒಂದು ದಿನ ಬೀರ ತಲೆ ಕೆರೆದುಕೊಳ್ಳುತ್ತ ಬಂದಿದ್ದ. "ಹೆಗಡೇರೆ, ಒಂದು ಹೇಳ್ಲಾ? ಬೆಳಿಗ್ಗೆ ನಾ ಶುರು ಮಾಡ್ದ ಕೂಡ್ಲೆ ಗೆರೆ ಮೇಲೆ ಏಳ್ತದ್ರಾ. ದಿನಾ ನೋಡ್ತೆ."

"ಅದು ನಿನ್ನ ಕೈಗುಣ ಬೀರ" ಎಂದು ದಿನಕರ ಗಹಗಹಿಸಿ ನಕ್ಕಿದ್ದ. ನಗು ಅಲ್ಲಿಗೇ ಮುಗಿದಿದ್ದರೆ ಒಂದು ಮಾತು. ಸ್ಟಾಫ್ ರೂಮಿನಲ್ಲಿ ಹೇಳಿದ, ಮನೆಯಲ್ಲಿ ಹೆಂಡತಿ ದೇವಕಿಗೆ ಹೇಳಿದ. ಒಂದು ವಾರ ಕಾಲೇಜಿನಲ್ಲಿ ಯಾರ ಪೆನ್ನು ಬರೆಯದಿದ್ದರೂ ಬೀರನ ಕೈಗೆ ಕೊಟ್ಟು ನೋಡಿ ಎನ್ನುವುದೇ ಆಯಿತು. ಬೀರನೂ ನಕ್ಕ. ಆಮೇಲೆ ಆ ಮಾತು ಎತ್ತಲಿಲ್ಲ.

ಸೋಮವಾರ ಪುಣೆಯಿಂದ ಒಂದು ಪತ್ರ ಬಂತು. ನಿಮ್ಮ ಲೆಕ್ಕವನ್ನು ನಮ್ಮ ದೊಡ್ಡ ಯಂತ್ರದಲ್ಲಿ ಒಂದೇ ಉಸಿರಿಗೆ ಓಡಿಸಿದೆವು, ನಂಟು ಹರಿದದ್ದು ಹರಿದೇ ಹೋಯಿತು, ಮತ್ತೆ ಎಲ್ಲೂ ಏಳಲಿಲ್ಲ ಎಂದು ವಿನಯದಿಂದ ಬರೆದಿದ್ದರು. "ಒಂದೇ ಉಸಿರಿಗೆ" ಎಂಬುದು ದಿನಕರನ ಎದೆಯಲ್ಲಿ ಮುಳ್ಳಿನಂತೆ ನಿಂತಿತು. ರಾತ್ರಿಯೆಲ್ಲ ಹೊರಳಾಡಿ ಬೆಳಿಗ್ಗೆ ಬಂದವನೇ ಕಪಾಟಿನಿಂದ ಬೀರನ ಪುಸ್ತಕ ತೆಗೆದು, ಫೈಲಿನ ತಳದ ಕಸದ ಹಾಳೆಯನ್ನು ಪಕ್ಕಕ್ಕಿಟ್ಟುಕೊಂಡು ಕೂತ.

ತಪ್ಪು ಸಿಕ್ಕಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಮರಳಿ ಶುರುವಾದಾಗ ಪ್ರೋಗ್ರಾಮು ಹತ್ತೂ ಸ್ಪಿನ್ನುಗಳ ಸ್ಥಿತಿಯನ್ನು ಸರಿಯಾಗಿ ನೆನಪಿಟ್ಟುಕೊಳ್ಳುತ್ತಿತ್ತು, ಆದರೆ ಕಾಂತಕ್ಷೇತ್ರದ ಗಡಿಯಾರವನ್ನು ಸೊನ್ನೆಗೆ ತಂದುಬಿಡುತ್ತಿತ್ತು. ಜೋರಾಗಿದ್ದ ಕ್ಷೇತ್ರ ಮತ್ತೆ ಮೊದಲಿನ ಹಾಗೆ ಮಂದವಾಗುತ್ತಿತ್ತು, ಹರಿದ ನಂಟು ಚಿಗುರುತ್ತಿತ್ತು. ದಿನವೂ ಎಂಟಕ್ಕೇ ಕರೆಂಟು ಬರುತ್ತಿದ್ದರಿಂದ ಸಮ ಅಂತರ. ಮರ ಬಿದ್ದ ಗುರುವಾರ ಮಾತ್ರ ಅಡ್ಡಾದಿಡ್ಡಿ. ಪ್ರೋಗ್ರಾಮಿನ ಆ ತಪ್ಪು ಸಾಲನ್ನು ಬರೆದವನು ದಿನಕರನೇ, ಆರು ವರ್ಷದ ಹಿಂದೆ, ಒಂದು ಭಾನುವಾರ. ಪ್ರಬಂಧದ ಐದು ಅಧ್ಯಾಯಗಳೂ ಇದೇ ಪ್ರೋಗ್ರಾಮಿನ ಮೇಲೆ ನಿಂತಿದ್ದವು. ಪ್ರೋಗ್ರಾಮು ತಪ್ಪು ಎಂದರೆ ಐದೂ ಹೋದಂತೆ, ಆರು ವರ್ಷ ಹೋದಂತೆ, ಪಿಎಚ್.ಡಿ.ಯೂ ಹೋದಂತೆ.

"ಎಂತಾರೂ ಬೇಕಿತ್ತನ್ರಾ?" ಎಂದು ಬೀರ ಬಾಗಿಲಲ್ಲಿ ಇಣುಕಿದ.

"ಏನಿಲ್ಲ" ಎಂದು ದಿನಕರ ಪುಸ್ತಕ ಮುಚ್ಚಿ ಇದ್ದಲ್ಲೇ ಇಟ್ಟ.

ಬುಧವಾರ ಅವನು ಒಂದು ವಾಕ್ಯವನ್ನು ಬಾಯಿಪಾಠ ಮಾಡಿದ. "ಸರ್, ತಪ್ಪು ನನ್ನದು. ಪ್ರೋಗ್ರಾಮಿನಲ್ಲೇ ಇದೆ." ಸ್ನಾನ ಮಾಡುವಾಗ ಹೇಳಿಕೊಂಡ, ಸ್ಕೂಟರ್ ಮೇಲೆ ಹೇಳಿಕೊಂಡ. ಸಣ್ಣ ವಾಕ್ಯ, ನಾಲಗೆಗೆ ತೊಡಕಿಲ್ಲ. ಸನ್ಮಾನ ಮುಗಿದ ಮೇಲೆ ಗೈಡನ್ನು ಪಕ್ಕಕ್ಕೆ ಕರೆದು ಹೇಳುವುದೆಂದು ನಿಶ್ಚಯಿಸಿದ. ಸನ್ಮಾನಕ್ಕೆ ಮೊದಲೇ ಹೇಳಬಹುದಿತ್ತಲ್ಲ ಎಂಬ ಪ್ರಶ್ನೆಯನ್ನು ಅವನು ಕೇಳಿಕೊಳ್ಳಲಿಲ್ಲ.

ಗುರುವಾರ ಶಾಲು ಹೊದೆಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಭಾಷಣದಲ್ಲಿ ದಿನಕರ ಸೂತಕದ ಉದಾಹರಣೆ ಹೇಳಿದ. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಬೀರನೂ ತಟ್ಟಿದ. ಗೆರೆ ಏಳುವ ಚಿತ್ರ ಪರದೆಯ ಮೇಲೆ ಬಂದಾಗ ಪ್ರಿನ್ಸಿಪಾಲರು ಪಕ್ಕದವರಿಗೆ ಏನೋ ಹೇಳಿ ಹೆಮ್ಮೆಯಿಂದ ತಲೆದೂಗಿದರು. ದಿನಕರ ನೀರು ಕುಡಿದು ಮಾತು ಮುಗಿಸಿದ.

ಆಮೇಲೆ ಪ್ರಿನ್ಸಿಪಾಲರ ಕೋಣೆಯಲ್ಲಿ ಚಹ. ಪ್ರಿನ್ಸಿಪಾಲರು, ಆಡಳಿತ ಮಂಡಳಿಯ ಇಬ್ಬರು, ಧಾರವಾಡದಿಂದ ಬಂದ ಗೈಡು ಹಂಚಿನಮನಿ ಸರ್. ಕುರ್ಚಿಗೆ ಬೆನ್ನು ತಾಗಿಸುವ ಮೊದಲೇ ಅವರು ಚೀಲದಿಂದ ಪುಣೆಯ ಪತ್ರ ತೆಗೆದರು.

"ಇದು ನಿಮಗೂ ಮುಟ್ಟಿರಬೇಕಲ್ರಿ ಹೆಗಡೆಯವರ. ಅವರ ಮಶೀನಿನ್ಯಾಗ ಗೆರಿ ಏಳವಲ್ದಂತ, ಇಳದದ್ದು ಇಳದಂಗ ಐತಂತ. ನಿಮ್ಮಲ್ಲಷ್ಟ ಹ್ಯಾಂಗ ಮ್ಯಾಲೆ ಬಂತ್ರಿ ಇದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ದಿನಕರನ ಕೈ ಹೆಗಲ ಮೇಲಿನ ಶಾಲಿಗೆ ಹೋಯಿತು. ಬಾಯಿಪಾಠ ಮಾಡಿದ ವಾಕ್ಯ ಗಂಟಲ ತನಕ ಬಂದಿತ್ತು. ಅದೇ ಹೊತ್ತಿಗೆ ಬೀರ ಚಹದ ತಟ್ಟೆ ಹಿಡಿದು ಒಳಗೆ ಬಂದ. ಆಡಳಿತ ಮಂಡಳಿಯವರು ದಿನಕರನ ಮುಖವನ್ನೇ ನೋಡುತ್ತಿದ್ದರು.

"ಬೆಳಿಗ್ಗೆ ಕಂಪ್ಯೂಟರ್ ಶುರು ಮಾಡುವುದು ನಮ್ಮ ಅಟೆಂಡರ್ ಸರ್" ಎಂದ ದಿನಕರ. ಅವನ ದನಿ ಅವನಿಗೇ ಬೇರೆ ಯಾರದೋ ಎನಿಸಿತು. "ಅಲ್ಲೆಲ್ಲೋ ತಪ್ಪು ಕೀ ಒತ್ತಿದಾನೆ ಅಂತ ಕಾಣ್ತದೆ."

ಪ್ರಿನ್ಸಿಪಾಲರು ತಿರುಗಿ, "ಏನೋ ಬೀರ ಇದು?" ಎಂದರು.

ಬೀರ ದಿನಕರನನ್ನು ನೋಡಿದ. ಸಿಟ್ಟಿಲ್ಲ, ಆಶ್ಚರ್ಯವೂ ಇಲ್ಲ. ಬಸ್ಸಿನಲ್ಲಿ ಪರಿಚಯದವರ ಮುಖ ಕಂಡು, ಇವರು ಎಲ್ಲಿ ಇಳಿಯುತ್ತಾರೆ ಎಂದು ನೋಡುವ ಹಾಗೆ ನೋಡಿದ. ಆಮೇಲೆ ತಟ್ಟೆಯ ಕಡೆ ಕಣ್ಣು ಹಾಕಿ, "ಇರ್ಬೋದ್ರಾ. ನಂಗೆ ಇಂಗ್ಲೀಷು ಬರುದಿಲ್ಲ" ಎಂದ. ಎಲ್ಲರಿಗೂ ಚಹ ಕೊಟ್ಟ. ದಿನಕರನಿಗೂ ಕೊಟ್ಟ, ಅವನದು ಸಕ್ಕರೆ ಕಡಿಮೆ ಎಂದು ನೆನಪಿಟ್ಟು ಬೇರೆ ಲೋಟವನ್ನೇ ಕೊಟ್ಟ.

ಹಂಚಿನಮನಿ ಸರ್ ನಿಟ್ಟುಸಿರು ಬಿಟ್ಟು ನಕ್ಕರು. "ಹಂಗಿದ್ರ ನಿಮ್ಮ ಪ್ರೋಗ್ರಾಮಿಗೆ ಏನೂ ಆಗಿಲ್ಲ ಅಂದಂಗಾತು. ನಾ ಅದಕ್ಕ ಹೆದರಿದ್ದೆ ನೋಡ್ರಿ. ಮತ್ತೊಮ್ಮೆ ನೀವ ಕುಂತು ಓಡಸ್ರಿ, ನಾಕ ಸಾಲಿನ ತಿದ್ದುಪಡಿ ಕಳಸೋಣು. ಉಳಿದ ಅಧ್ಯಾಯಕ್ಕ ಏನೂ ಧಕ್ಕಿ ಇಲ್ಲ. ಆದ್ರ ಅಟೆಂಡರನ ಕೈಯಾಗ ರಿಸರ್ಚ್ ಕೊಡಬ್ಯಾಡ್ರಿ ಮತ್ತ."

ಎಲ್ಲರೂ ನಕ್ಕರು. ದಿನಕರನೂ ನಕ್ಕ. ಆ ನಗು ನೆನಪಾದಾಗಲೆಲ್ಲ ಮುಂದೆ ಎಷ್ಟೋ ದಿನ ಅವನು ಒಬ್ಬನೇ ಇದ್ದರೂ ಮುಖ ತಿರುಗಿಸಿಕೊಳ್ಳುತ್ತಿದ್ದ.

ಶುಕ್ರವಾರ ಪ್ರಿನ್ಸಿಪಾಲರು ಬೀರನಿಂದ ಪ್ರಯೋಗಾಲಯದ ಕೀಲಿಕೈ ಇಸಿದುಕೊಂಡರು. ಹೊಸಬನೊಬ್ಬನಿಗೆ ಕೊಟ್ಟು, ಬೀರನನ್ನು ಗಂಟೆ ಹೊಡೆಯಲು, ಚಹ ಕೊಡಲು, ಗಿಡಕ್ಕೆ ನೀರು ಹಾಕಲು ನೇಮಿಸಿದರು. ಸುದ್ದಿ ಹಬ್ಬಲು ಹೊತ್ತು ಬೇಕೆ? ಗಂಟೆ ಹೊಡೆಯುವಾಗ, "ಬೀರಣ್ಣ, ಸರಿಯಾಗಿ ಒತ್ತು ಮಾರಾಯ" ಎಂದು ಹುಡುಗರು ಕೂಗಿದರು. ದಿನಕರ ತರಗತಿಯ ಒಳಗಿಂದ ಕೇಳಿಸಿಕೊಂಡ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಅವನಿಗೆ ಗೊತ್ತಿತ್ತು. ಆ ನೆಲಕ್ಕೆ ಏನನಿಸಿತು ಎಂದು ಗಾದೆ ಹೇಳುವುದಿಲ್ಲ.

ಸಂಜೆ ಮನೆಯಲ್ಲಿ ದೇವಕಿ ಕೇಳಿದಳು. "ಬೀರಂಗೆ ಎಂತ ಆತು? ಪೇಟೆಲಿ ಸಿಕ್ಕಿದಿದ್ದ. ಸರಿ ಮಾತೇ ಆಡಿದ್ನಿಲ್ಲೆ."

"ಎಂತೂ ಆಜಿಲ್ಲೆ."

"ಅವನ ಹತ್ರ ಕೀ ಇಸ್ಕಂಡ್ವಡ, ಹೌದನಾ?"

"ಪ್ರಿನ್ಸಿಪಾಲರು ಇಸ್ಕಂಡ್ರು. ಅದಕ್ಕೆ ಆನೆಂತ ಮಾಡವು?"

ದೇವಕಿ ಸನ್ಮಾನದ ಶಾಲನ್ನು ಮಡಚುತ್ತಿದ್ದಳು. ಮಡಚುವುದು ನಿಲ್ಲಿಸಿ, "ಬೀರ ತಪ್ಪು ಒತ್ತಿದ ಹೇಳಿ ಹೇಳಿದ್ದು ಯಾರು?" ಎಂದಳು.

"ಹಾಲು ಉಕ್ತಾ ಇದ್ದು ನೋಡು" ಎಂದ ದಿನಕರ. ಒಲೆಯ ಮೇಲೆ ಹಾಲು ಇರಲಿಲ್ಲ. ದೇವಕಿ ಅಡುಗೆಮನೆಗೆ ಹೋಗಿ ನೋಡಿ ಬಂದು, ಶಾಲನ್ನು ಕಪಾಟಿನ ಕೆಳಗಿನ ಅರೆಯಲ್ಲಿಟ್ಟು ಬಾಗಿಲು ಹಾಕಿದಳು. ಊಟಕ್ಕೆ ಕೂತಾಗಲೂ ಆ ಮಾತು ಬರಲಿಲ್ಲ. ಬಂದಿದ್ದರೇ ಒಳ್ಳೆಯದಿತ್ತು ಎಂದು ಅವನಿಗೆ ಅನಿಸಿತು.

ಭಾನುವಾರ ಹತ್ತು ಗಂಟೆಗೆ ಬೀರ ಮನೆಗೆ ಬಂದ. ಅಂಗಳದ ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಂತವನ ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಕಟ್ಟು ಇತ್ತು. ದೇವಕಿ, "ಬಾ ಬೀರ, ಕೂತ್ಕ. ಆಸ್ರಿಗೆ ಎಂತ ಬೇಕು?" ಎಂದು ಒಳಗೆ ಹೋಗಿ ಮಜ್ಜಿಗೆ ತಂದಿಟ್ಟಳು. ಬೀರ ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತ. ಬಂದಾಗಲೆಲ್ಲ ಅವನು ಅಲ್ಲಿಯೇ ಕೂರುತ್ತಿದ್ದ. ದಿನಕರ ಅದನ್ನು ಈವತ್ತೇ ಗಮನಿಸಿದ.

"ಕಪಾಟು ಖಾಲಿ ಮಾಡು ಅಂದ್ರು. ಇದೊಂದು ಉಳೀತು" ಎಂದು ಬೀರ ಕಟ್ಟು ಬಿಚ್ಚಿ ಕರೆಂಟಿನ ಪುಸ್ತಕ ತೆಗೆದ. "ನಿಮ್ಮತ್ರನೇ ಇರ್ಲಿ ಹೆಗಡೇರೆ."

"ನನ್ನ ಹತ್ರ ಯಾಕೆ?"

"ಬ್ಯಾರೆಯವ್ರ ಕೈಗೆ ಹೋದ್ರೆ ಟೈಮು ತಾಳೆ ನೋಡೂಕೆ ಎಷ್ಟೊತ್ತು? ಧಾರವಾಡದವ್ರು ಕಲ್ತವ್ರು."

ದಿನಕರ ಪುಸ್ತಕ ಕೈಗೆ ತೆಗೆದುಕೊಂಡ. "ನಿಂಗೆ ಗೊತ್ತಿತ್ತಾ?"

"ಹೋದ ವರ್ಷನೇ ಹೇಳಿದ್ನಲ್ರಾ. ನಿಮಗೆ ನಗೆ ಬಂತು."

"ಮತ್ತೆ ಅವತ್ತು ಯಾಕೆ ಸುಮ್ನಿದ್ದೆ? ಅಲ್ಲೇ ಹೇಳ್ಬಹುದಿತ್ತಲ್ಲ."

"ನಿಮ್ಮ ಹೆಗಲ ಮೇಲೆ ಶಾಲು ಇತ್ತಲ್ರಾ" ಎಂದ ಬೀರ.

ಬೈದಿದ್ದರೆ ದಿನಕರ ತಡೆದುಕೊಳ್ಳುತ್ತಿದ್ದ. ಊರವರ ಮುಂದೆ ಹೇಳುತ್ತೇನೆ ಎಂದು ಹೆದರಿಸಿದ್ದರೆ ಅದಕ್ಕೂ ಏನಾದರೂ ಉತ್ತರ ಸಿಗುತ್ತಿತ್ತು. ತನ್ನ ಮಾನ ಹೋದರೂ ಎದುರಿನವನ ಮಾನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದುಕೊಡುವವನಿಗೆ ಏನು ಹೇಳುವುದು? ಒಳಗೆ ಬಾಗಿಲ ಮರೆಯಲ್ಲಿ ದೇವಕಿ ನಿಂತಿರುವುದು ಅವನಿಗೆ ಗೊತ್ತಿತ್ತು. ಆದರೂ ಹೇಳಿದ.

"ತಪ್ಪು ನಂದು ಬೀರ. ನೀನು ಸರಿಯಾಗೇ ಒತ್ತಿದ್ದೆ. ಗೊತ್ತಿದ್ದೂ ನಿನ್ನ ಮೇಲೆ ಹಾಕಿದೆ."

ಬೀರ ಉಳಿದ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದ.

"ಅವತ್ತು ನಾಕು ಜನರ ಎದುರಿಗೆ ಹೇಳಿದ್ರಿ. ಇವತ್ತು ಅಂಗಳದಾಗೆ ನಂಗೊಬ್ಬಂಗೆ ಹೇಳ್ತ್ರಿ" ಎಂದ. ದನಿ ಏರಲಿಲ್ಲ. "ಇರ್ಲಿ. ಬೇಕಾದ್ರೆ ಪುಸ್ತಕ ಸುಟ್ಟಾಕಿ. ಜೂನ್ ತನಕ ಗಂಟೆ ಹೊಡೂಕೆ ನಂಗೆಂತ ತ್ರಾಸ ಇಲ್ಲ."

ಎದ್ದು ಬಚ್ಚಲ ಕಡೆಯ ನಲ್ಲಿಗೆ ಹೋಗಿ ಲೋಟ ತೊಳೆದ. "ಇರ್ಲಿ ಬೀರ, ಅಲ್ಲೇ ಇಡು" ಎಂದು ದೇವಕಿ ಯಾವಾಗಲೂ ಹೇಳುವಂತೆ ಹೇಳಿದಳು. ಬೀರ ಯಾವಾಗಲೂ ಮಾಡುವಂತೆ ತೊಳೆದ ಲೋಟವನ್ನು ಜಗಲಿಯ ತುದಿಯಲ್ಲಿ ಮಗುಚಿ ಇಟ್ಟು ಹೋದ.

ಬಚ್ಚಲ ಒಲೆಯಲ್ಲಿ ಬೆಂಕಿ ಇತ್ತು. ಸುಳ್ಳು ಯಾಕೆ, ದಿನಕರ ಒಂದು ಸಲ ಆ ಕಡೆ ನೋಡಿದ. ನೂರು ಪುಟ, ಎರಡು ನಿಮಿಷದ ಕೆಲಸ. ಆಮೇಲೆ ಪುಸ್ತಕ ತೆರೆದ. ಮೊದಲ ಪುಟದಲ್ಲಿ ಅರಿಶಿನ ಕುಂಕುಮ ಹಚ್ಚಿ "ಶ್ರೀ" ಎಂದು ಬರೆದಿತ್ತು. ಒಂದು ದಿನವೂ ಬಿಟ್ಟಿರಲಿಲ್ಲ. ಅವನು ಮೇಜಿಗೆ ಕೂತು ಹಂಚಿನಮನಿ ಸರ್‌ಗೆ ಕಾಗದ ಬರೆದ. ತಪ್ಪಿದ ಸಾಲು ಯಾವುದೆಂದು ಬರೆದ, ಬರೆದವರು ಯಾರೆಂದು ಬರೆದ, ಯಾವತ್ತಿಂದ ಗೊತ್ತಿತ್ತು ಎಂಬುದನ್ನೂ ಬರೆದ. ಕೊನೆಯ ಮಾತು ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಮನಸ್ಸು ಬದಲಾದೀತೆಂದು ಬಿಸಿಲಲ್ಲೇ ನಡೆದುಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದ. ದೇವಕಿ ಎಲೆ ಹಾಕಿ ನೀರಿಟ್ಟಳು.

ಸೋಮವಾರ ಹನ್ನೊಂದೂ ಕಾಲಿಗೆ ಸ್ಟಾಫ್ ರೂಮಿನಲ್ಲಿ ವಾರದ ಸಭೆ. ಹದಿನೆಂಟು ಮಂದಿ ಅಧ್ಯಾಪಕರು, ತಲೆಯ ಕಡೆ ಪ್ರಿನ್ಸಿಪಾಲರು. ಪರೀಕ್ಷೆಯ ಮೇಲ್ವಿಚಾರಣೆ ಯಾರು ಯಾರಿಗೆ ಎಂಬ ಮಾತು ಮುಗಿಯುವ ಹೊತ್ತಿಗೆ ಬೀರ ಚಹ ತಂದ. ಕೊನೆಯ ಲೋಟ ಇಟ್ಟು ತಿರುಗಿದವನಿಗೆ ದಿನಕರ, "ಸ್ವಲ್ಪ ನಿಲ್ಲು ಬೀರ" ಎಂದ. ಎದ್ದು ನಿಂತ. ಮೇಜಿನ ಅಂಚು ಹಿಡಿದುಕೊಂಡ.

"ಕಳೆದ ಗುರುವಾರ ಬೀರ ತಪ್ಪು ಕೀ ಒತ್ತಿದ ಅಂತ ಹೇಳಿದೆ. ಅದು ಸುಳ್ಳು. ತಪ್ಪು ನನ್ನ ಪ್ರೋಗ್ರಾಮಿನದು. ಅದು ನನಗೆ ಮಂಗಳವಾರವೇ ಗೊತ್ತಿತ್ತು."

ಯಾರೋ ಲೋಟ ಕೆಳಗಿಟ್ಟ ಸದ್ದಾಯಿತು. ಪ್ರಿನ್ಸಿಪಾಲರು ಕನ್ನಡಕ ತೆಗೆದು, "ಹೆಗಡೇರೆ, ಇದನ್ನೆಲ್ಲ ನನ್ನ ಚೇಂಬರಿನಲ್ಲಿ ಮಾತಾಡೋಣ" ಎಂದರು.

"ಇಲ್ಲ ಸರ್, ಇಲ್ಲೇ ಆಗಬೇಕು." ದಿನಕರ ಪುಸ್ತಕವನ್ನು ಚೀಲದಿಂದ ತೆಗೆದು, ಮರ ಬಿದ್ದ ಗುರುವಾರದ ಪುಟ ಬಿಡಿಸಿ ಮೇಜಿನ ಮೇಲಿಟ್ಟ. "ಗೆರೆ ಯಾಕೆ ಏಳ್ತದೆ ಅಂತ ಮೊದಲು ಕಂಡುಹಿಡಿದವನು ಬೀರ. ಹೋದ ವರ್ಷವೇ ಬಂದು ಹೇಳಿದ್ದ. ನಾನು ನಕ್ಕೆ, ನಿಮ್ಮನ್ನೂ ನಗಿಸಿದೆ. ಎಲ್ಲ ಇದರಲ್ಲಿ ಬರೆದಿದೆ. ಆಮೇಲೆ, ಸಭೆಯಲ್ಲಿ ಹೇಳಿದ ಸೂತಕದ ಮಾತು. ಅದೂ ನನ್ನದಲ್ಲ."

ಬಾಗಿಲ ಹತ್ತಿರ ಬೀರ ಖಾಲಿ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದು ನೆಲ ನೋಡುತ್ತ ನಿಂತಿದ್ದ. ಯಾರೂ ಅವನ ಕಡೆ ನೋಡಲಿಲ್ಲ, ದಿನಕರನ ಕಡೆಯೂ ನೋಡಲಿಲ್ಲ. ಇನ್ನೂ ಏನೋ ಹೇಳಬೇಕೆಂದು ದಿನಕರ ಬಾಯಿ ತೆರೆದ. ಅಷ್ಟರಲ್ಲಿ ತಲೆಯ ಮೇಲಿನ ಫ್ಯಾನು ಕಿರುಗುಟ್ಟಿ, ನಿಧಾನವಾಗಿ, ನಿಂತಿತು.

ಬೀರನ ಎಡಗೈ ತಾನಾಗಿ ಮೇಲೆದ್ದಿತು. ವಾಚು ನೋಡಿಕೊಂಡ. ಬಲಗೈ ಅಂಗಿಯ ಕಿಸೆಗೆ ಹೋಗಿ ಪೆನ್ನು ತೆಗೆಯಿತು. ಪುಸ್ತಕವನ್ನು ಹುಡುಕುವಂತೆ ಅತ್ತಿತ್ತ ನೋಡಿ, ಅದು ಎಲ್ಲಿದೆ ಎಂಬುದು ನೆನಪಾಗಿ ಹಾಗೇ ನಿಂತ.

ದಿನಕರ ಎದುರಿನ ಎರಡು ಲೋಟ ಸರಿಸಿ, ಬರೆಯದ ಪುಟ ತೆಗೆದು, ಪುಸ್ತಕವನ್ನು ಬೀರನ ಕಡೆಗೆ ತಿರುಗಿಸಿಟ್ಟು ಸ್ವಲ್ಪ ಆಚೆ ಸರಿದು ನಿಂತ. ಬೀರ ತಟ್ಟೆಯನ್ನು ಕಿಟಕಿಯ ಮೇಲಿಟ್ಟ. ಅಂಗೈ ಅಂಗಿಗೆ ಒರೆಸಿಕೊಂಡು ಮೇಜಿನ ಹತ್ತಿರ ಬಂದ. ದಿನಕರನ ಕುರ್ಚಿ ಖಾಲಿ ಇತ್ತು. ಬೀರ ಕೂರಲಿಲ್ಲ, ಬಗ್ಗಿ ಬರೆದ. ಅಕ್ಷರ ಗುಂಡಗಾಗಿ ಬರಬೇಕೆಂದು ನಿಧಾನವಾಗಿ ಬರೆಯುತ್ತಿದ್ದ. ಹದಿನೆಂಟು ಮಂದಿಯೂ ಚಹ ಮುಟ್ಟದೆ ಕಾದರು.

"ಸೋಮವಾರ. ೧೧-೨೫ಕ್ಕೆ ಹೋತು" ಎಂದು ಬರೆದು, ಬಂದ ಹೊತ್ತು ಬರೆಯಲು ಎಂದಿನಂತೆ ಅಷ್ಟು ಜಾಗ ಬಿಟ್ಟ.